ಎಳೆ ಪಾಕ

ಮಂಡ್ಯದ ಗುತ್ತಲು ರಸ್ತೆ, ಟೈರ್ ಅಂಗಡಿಯ ಮೇಲೆ ನನ್ನ ಸ್ಟುಡಿಯೊ.
ಮದುವೆಯ ಸೀಸನ್ ಮುಗಿದು ಗೋಡೆಗೊರಗಿದ ದೀಪಗಳು.
ಮೇಜಿನ ಮೇಲೊಂದು ಕಾರ್ಡು, ಹೆಬ್ಬೆರಳ ಉಗುರಿನಷ್ಟು.
ಅದರೊಳಗೆ ಹನ್ನೊಂದು ಜಿಬಿ,
ಕೆರಗೋಡಿನಾಚೆಯ ಒಂದು ಆಲೆಮನೆ.

ಬೆಲ್ಲದ ಸಂಘದ ಪುಟ್ಟತಾಯಮ್ಮ ಹೇಳಿದ್ದು ಒಂದೇ ಮಾತು:
"ಬಸ್ಸಲ್ಲಿ ನಿಂತು ನೋಡೋರ್ಗೂ ತೆರ್ಕೋಬೇಕು,
ಗಿರಗಿರ ಸುತ್ತುತಾ ಕೂರಬಾರ್ದು."
ಅಂದರೆ ನಲವತ್ತು ಎಂಬಿ.
ಹನ್ನೊಂದು ಸಾವಿರವನ್ನು ನಲವತ್ತಕ್ಕೆ!

ನಗು ಬಂತು. ಆಲೆಮನೆಯವರೂ ಮಾಡುವುದು ಅದನ್ನೇ ತಾನೆ:
ಕೊಪ್ಪರಿಗೆ ತುಂಬ ಕಬ್ಬಿನ ಹಾಲು ಕುದಿಸಿ ಕುದಿಸಿ
ಅಚ್ಚಿಗೆ ಇಳಿಸುವುದು.
ಬೆಲ್ಲವಾದದ್ದಕ್ಕೆ ನೀರು ಬೆರೆಸಿದರೆ ಪಾನಕ,
ಮತ್ತೆಂದೂ ಕಬ್ಬಿನ ಹಾಲಲ್ಲ.
ಅದಕ್ಕೇ ಮೂಲವನ್ನು ಬೇರೆ ಡಿಸ್ಕಿನಲ್ಲಿ ಎತ್ತಿಟ್ಟೆ,
ಹೆಸರು ಬರೆದು, ತಾರೀಖು ಬರೆದು.

ಕೋಡೆಕ್ ಬಲು ಜಿಪುಣ.
ಮೊದಲ ಚಿತ್ರವೊಂದನ್ನು ಪೂರ್ತಿ ಬರೆದುಕೊಳ್ಳುತ್ತದೆ:
ಮಸಿ ಹಿಡಿದ ತೊಲೆ, ರಚ್ಚಿನ ರಾಶಿ,
ಮೊಳೆಗೆ ನೇತುಹಾಕಿದ ಮೊಗಣ್ಣನ ಅಂಗಿ.
ಆಮೇಲೆ 'ಮುಂಚಿನಂತೆ, ಮುಂಚಿನಂತೆ' ಎಂದೊಂದು ಗೀಟು,
ಅಲುಗಿದ್ದಕ್ಕೆ ಮಾತ್ರ ಲೆಕ್ಕ.
ತೊಲೆಗೆ ಖರ್ಚಿಲ್ಲ. ಅಂಗಿಗೆ ಖರ್ಚಿಲ್ಲ.
ಖರ್ಚೆಲ್ಲ ಆವಿಗೆ.
ಒಂದು ಗಳಿಗೆಯೂ ಮುಂಚಿನಂತಿರಲು ಅದು ಒಪ್ಪುವುದಿಲ್ಲ.
ಬಿಟ್‌ರೇಟು ಇಳಿಸಿದರೆ ಚೌಕ ಚೌಕವಾಗಿ ಒಡೆದು
ಹೆಂಚು ಹೊದಿಸಿದಂತೆ ಕಾಣುತ್ತದೆ.
ಎರಡು ರಾತ್ರಿ ಆವಿಯೊಡನೆ ಚೌಕಾಸಿ.

ಶಬ್ದಕ್ಕೆ ಬಂದೆ.
ಗಾಣದ ಮೋಟರು, ನಾಲೆ ಏರಿಯ ಟ್ರ್ಯಾಕ್ಟರು, ಯಾವುದೋ ನಾಯಿ,
ಎಲ್ಲದರ ಕೆಳಗೆ ಹಾಸಿದಂತೆ ಒಂದು ಗೊರಗೊರ.
ಫಿಲ್ಟರಿಗೆ ಎರಡು ಸೆಕೆಂಡು ಅದನ್ನು ತೋರಿಸಿ
'ಇದು ಮಡ್ಡಿ, ತೆಗಿ' ಎಂದೆ.
ಬೆಂಡೆಯ ಲೋಳೆ ಬಿದ್ದ ಹಾಗೆ ಕೊಳೆ ಮೇಲೆ ಬಂತು.
ಉಳಿದದ್ದು ಮೊಗಣ್ಣನ ದನಿ, ತೊಳೆದಿಟ್ಟ ಹಾಗೆ.
ಎಷ್ಟು ಹೆಮ್ಮೆ ನನಗೆ!
ಫೈಲಿನ ಬಾಲದಲ್ಲಿದ್ದ ಸೂಚಿಯನ್ನು ತಲೆಗೆ ತಂದೆ,
ಪೂರ್ತಿ ಇಳಿಯುವ ಮುಂಚೆಯೇ ಆಡಲಿ ಎಂದು.

ಮೊಗಣ್ಣ ಬಂದ.
ಚಪ್ಪಲಿ ಮೆಟ್ಟಿಲಲ್ಲೇ ಬಿಟ್ಟು, ಕುರ್ಚಿ ಬೇಡವೆಂದು
ನಿಂತೇ ನೋಡಿದ, ನನ್ನ ಹಳೇ ಫೋನಿನಲ್ಲಿ.
ಆರು ನಿಮಿಷ ದಾಟಿದ ಮೇಲೆ ತಲೆ ಎತ್ತಿದ.
"ಯಾಕವ್ವ ಇಳಿಸ್ಬುಟ್ರು? ಪಾಕ ಇನ್ನೂ ಎಳಸು."
ಇಳಿಸಿದ್ದು ನೀವೇ ಅಲ್ವಾ ಮೊಗಣ್ಣ?
"ಕಣ್ಗೆ ಬಂದದೆ. ಕಿವಿಗೆ ಬಂದಿಲ್ಲ."

ಬಾಯಲ್ಲೇ ಮಾಡಿ ತೋರಿಸಿದ:
ಮೊದಲು ಗುಳುಗುಳು, ಅದು ಬರೀ ನೀರು.
ಆಮೇಲೆ ಗೊಳಗೊಳ.
ಆಮೇಲೆ ಒಂದೊಂದೇ, ಪೊಟ್, ಪೊಟ್,
ಪೊಟ್.
ನಡುವೆ ಬಿಡುವು ಬೀಳುತ್ತದೆ.
ಆ ಬಿಡುವು ಎಷ್ಟು ಅನ್ನೋದೇ ಬೆಲ್ಲ.

ನಾನು ಮಡ್ಡಿಯೆಂದು ತೆಗೆಸಿದ್ದು ಅದನ್ನು.

ಮತ್ತೆ ಮೂಲ ತೆರೆದೆ. ಫಿಲ್ಟರು ಬಿಚ್ಚಿದೆ.
ಟ್ರ್ಯಾಕ್ಟರು ವಾಪಸ್ಸು, ನಾಯಿ ವಾಪಸ್ಸು.
ಆವಿಯ ಪಾಲಿನಿಂದ ಒಂದಿಷ್ಟು ಕಿತ್ತು ಕುದಿತಕ್ಕೆ ಕೊಟ್ಟೆ,
ಆದರೂ ನಲವತ್ತಲ್ಲ, ನಲವತ್ತಾರು.
ಪುಟ್ಟತಾಯಮ್ಮನಿಗೆ ನಾನೇ ಹೇಳಿಕೊಳ್ಳುತ್ತೇನೆ.

ಇನ್ನೂ ಒಂದು ತೊಡಕಿತ್ತು.
ಪುಟ ತೆರೆದೊಡನೆ ತಾನಾಗಿ ಆಡಬೇಕಾದರೆ
ಬಾಯಿ ಮುಚ್ಚಿಕೊಂಡೇ ಆಡಬೇಕು, ಬ್ರೌಸರಿನ ಕಟ್ಟಳೆ.
ಬಸ್ಸಲ್ಲಿ ನಿಂತವರು ದನಿ ಏರಿಸುವುದಿಲ್ಲ.
ಕಿವಿ ಕೇಳದವರೂ ಬೆಲ್ಲ ಕೊಳ್ಳುತ್ತಾರೆ.
ಅವರಿಗೆ ಕೆಳಗೆ ಅಕ್ಷರ.
ಮಾತಿಗೆಲ್ಲ ಸಾಲು ಬರೆದೆ. ಆ ಪೊಟ್ಟಿಗೆ ಏನು ಬರೆಯಲಿ?
'ಕುದಿಯುವ ಸದ್ದು' ಬರೆದು ಅಳಿಸಿದೆ.
'ಸದ್ದು ಬದಲಾಗುತ್ತದೆ' ಬರೆದು ಅಳಿಸಿದೆ.

ಮೊಗಣ್ಣ ಪರದೆ ನೋಡಲಿಲ್ಲ.
ಕಿಟಕಿಯ ಕಡೆ ತಿರುಗಿ, ಹೆಡ್‌ಫೋನು ಒಂದೇ ಕಿವಿಗೆ ಒತ್ತಿ
ಬೆರಳೆತ್ತಿ ಕಾದ.
ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು.
ಬೆರಳು ಇಳಿಯಿತು.

ಆರು ನಿಮಿಷ ನಲವತ್ತೊಂದು ಸೆಕೆಂಡು.
ಆ ಸಾಲಿನಲ್ಲಿ ಒಂದೇ ಪದ:
ಈಗ.