ಷರಾ

ಬೋನಿಟ್ಟ ಮೇಲೆ ದಿನಕ್ಕೆರಡು ಸಲ ನೋಡತಕ್ಕದ್ದು,
ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ.
ಸುತ್ತೋಲೆಯ ಕನ್ನಡವೇ ಹಾಗೆ: ತಕ್ಕದ್ದು, ತಕ್ಕದ್ದು,
ಕೊಡತಿಯಲ್ಲಿ ಗೂಟ ಹೊಡೆದ ಹಾಗೆ.

ಮೇಲುಕೋಟೆ ಗುಡ್ಡದ ಬೆನ್ನಿಗೆ, ಜಕ್ಕನಹಳ್ಳಿ ಕಡೆಯ ಇಳಿಜಾರಲ್ಲಿ
ಚಿರತೆಗೆಂದು ಇಟ್ಟದ್ದು.
ಒಳಗೊಂದು ಸಣ್ಣ ಗೂಡು, ನಡುವೆ ಜಾಲರಿ,
ಗೂಡಲ್ಲಿ ಹೊನ್ನಗಂಗಣ್ಣನ ಕರಿ ಮೇಕೆ,
ಬಾಡಿಗೆ ದಿನಕ್ಕೆ ನಲವತ್ತು.

ರಿಜಿಸ್ಟರಿನಲ್ಲಿ ನಾಲ್ಕು ಅಂಕಣ:
ತಾರೀಖು. ವೇಳೆ. ಪ್ರಾಣಿ. ಷರಾ.
ಹನ್ನೊಂದು ದಿನ ಬರೆದೆ, ‘ಪ್ರಾಣಿ: ಇಲ್ಲ’.
ಬರೆಯುವಾಗೆಲ್ಲ ಮೇಕೆ
ಪೆನ್ನಿನ ಕ್ಯಾಪು ನೆಕ್ಕಲು ಮೂತಿ ಚಾಚುತ್ತಿತ್ತು.

ಶನಿವಾರ ನಾದಿನಿಯ ಮಗುವಿಗೆ ಮುಡಿ.
ಗಾಡಿಯಲ್ಲಿ ಪೆಟ್ರೋಲು ಇರಲಿಲ್ಲ ಅಂತಲೂ ಹೇಳಬಹುದು.
ಇತ್ತು.
ಮನೆಯಲ್ಲೇ ಕೂತು ಮೂರು ಸಾಲು ಮುಂಗಡ ಬರೆದೆ:
ಸಂಜೆ ಇಲ್ಲ, ಬೆಳಿಗ್ಗೆ ಇಲ್ಲ, ಸಂಜೆ ಇಲ್ಲ.
ಒಂದೊಂದಕ್ಕೂ ಬೇರೆ ಪೆನ್ನು.
ಜಾಣತನಕ್ಕೇನು ಬರ!

ಹೋದದ್ದು ಸೋಮವಾರ, ಬಿಸಿಲೇರಿದ ಮೇಲೆ.
ಬಾಗಿಲು ಬಿದ್ದಿತ್ತು.
ಚಿರತೆಯಲ್ಲ. ತೋಳ.
ಹೆಣ್ಣು, ಮೊಲೆ ಬಾತು ಬಿಗಿದಿತ್ತು.
ಸರಳು ಕಚ್ಚಿ ಕಚ್ಚಿ ಕೋರೆಯೊಂದು ಮುರಿದು,
ಯಾವುದು ತುಕ್ಕು ಯಾವುದು ರಕ್ತ
ಬೆರಳಿಗೆ ಗೊತ್ತಾಗಲಿಲ್ಲ.
ನೆಲದ ಮೇಲಿನ ಹಿಕ್ಕೆ ಒಣಗಿ ಬೂದಿಯಾಗಿತ್ತು,
ಒಂದು ರಾತ್ರಿಯದಲ್ಲ.

ಜಾಲರಿಯಾಚೆ ಮೇಕೆ ನಿಂತೇ ಇತ್ತು,
ಮೂಲೆಗೆ ಬೆನ್ನೊತ್ತಿ, ಕೂಗು ಮುಗಿದು.
ತಟ್ಟೆಯಲ್ಲಿ ಹನಿ ನೀರಿಲ್ಲ.
ಹಸಿದದ್ದೂ ಹೆದರಿದ್ದೂ ಒಂದೇ ಕಡೆ ನೋಡುತ್ತಿದ್ದವು:
ನಾನು ಬರುವ ದಾರಿ.

ಬಾಟಲಿಯಲ್ಲಿ ಇದ್ದದ್ದು ಅರ್ಧ.
ಯಾರಿಗೆ ಮೊದಲು?
ಮೇಕೆಗೆ ಸುರಿದೆ. ತೋಳ ಸದ್ದು ಕೇಳಿಸಿಕೊಂಡಿತು.
ಉಳಿದದ್ದನ್ನು ಸರಳಿನ ಸಂದಿಗೆ ಸುರಿದರೆ
ನಾಲಿಗೆಗೆ ಮೊದಲೇ ಮಣ್ಣು ಕುಡಿದುಬಿಟ್ಟಿತು.

ಸಾಹೇಬರು ಬರುವ ತನಕ ಬಾಗಿಲು ಮುಟ್ಟತಕ್ಕದ್ದಲ್ಲ.
ಪಾಂಡವಪುರದಿಂದ ಜೀಪು ಬರಲು ಮೂರು ತಾಸು.
ಅಷ್ಟೂ ಹೊತ್ತು ಕೂತೆ.
ಆವತ್ತೊಂದೇ ದಿನ ನಾನು
ಬೋನನ್ನು ಪೂರ್ತಿ ನೋಡಿದ್ದು.

ಹಗ್ಗ ಎಳೆದರು, ಬಾಗಿಲೆದ್ದಿತು.
ಓಡಲಿಲ್ಲ ಅದು. ವಸಿ ಹೊತ್ತು ಕೂತು
ಆಮೇಲೆ ಬಂಡೆಗಳ ಕಡೆ ನಡೆಯಿತು,
ಯಾರೋ ಕರೆದಂತೆ, ಯಾರೂ ಕರೆಯುತ್ತಿರಲಿಲ್ಲ.

‘ಯಾವಾಗ ಬಿತ್ತಯ್ಯಾ ಇದು?’
ಪುಸ್ತಕ ಕೊಟ್ಟೆ.
ಪುಸ್ತಕದ ಪ್ರಕಾರ ನೆನ್ನೆ ಸಂಜೆಯವರೆಗೆ
ತೋಳ ಇರಲೇ ಇಲ್ಲ.
‘ಸರಿ, ಹನ್ನೆರಡು ತಾಸಿನೊಳಗೇ’ ಅಂದರು, ಸಹಿ ಹಾಕಿದರು.

ಷರಾ ಖಾಲಿ.
ಏನಾದರೂ ಬರಿ ಅಂತ ಪುಸ್ತಕ ಹಿಂದಿರುಗಿಸಿದರು.
ಬಗ್ಗಿ ಕೂತೆ.
ಮೇಕೆ ಜಾಲರಿಯಿಂದ ಮೂತಿ ಹಾಕಿ
ಪುಟದ ಮೂಲೆ ಕಿತ್ತು ಅಗಿಯಿತು.
ಎಲ್ಲರೂ ನಕ್ಕರು.
ನಾನು ಬಿಡಿಸಿಕೊಳ್ಳಲಿಲ್ಲ.