ಏಳುನೂರು ಮಿಲಿಮೀಟರು

ಸುಂಟಿಕೊಪ್ಪದಲ್ಲಿ ಡಿಸೆಂಬರ್ ಅಂದರೆ ನನಗೆ
ಸುಟ್ಟ ವಾರ್ನಿಶ್ಶಿನ ವಾಸನೆ.
ಪಲ್ಪರ್ ಮೋಟರುಗಳು ಜೀಪಿನಲ್ಲಿ ಮಲಗಿಕೊಂಡು ಬರುತ್ತವೆ.
ಹಣ್ಣು ಕಾಯೋದಿಲ್ಲ ಫಿಲೋಮಿನಾ, ನಾಳೆಗೇ ಬೇಕು
ಅನ್ನುತ್ತಾರೆ ತೋಟದ ರೈಟರು.
ತಾಮ್ರ ಸುತ್ತುತ್ತೇನೆ, ಎಣಿಕೆ ತಪ್ಪದಂತೆ
ತುಟಿ ಕಚ್ಚಿಕೊಂಡು.
ಸುತ್ತಿದ್ದೆಲ್ಲ ನೆಲಕ್ಕೆ ಬೋಲ್ಟು ಬಿಗಿಸಿಕೊಂಡು ತಿರುಗುವಂಥದ್ದು.
ಇಪ್ಪತ್ತಾರು ವರ್ಷದಲ್ಲಿ ಒಂದಾದರೂ
ಎದ್ದು ಹೋದದ್ದಿಲ್ಲ.

ಈ ಸಲ ಡ್ರಾಯರಿನಲ್ಲಿ, ಕಾರ್ಬನ್ ಬ್ರಶ್ಶುಗಳ ಕೆಳಗೆ,
ಸ್ವಲ್ಪ ದುಡ್ಡು ಕೂತಿದೆ. ಅದರ ಮೇಲೆ ಎರಡು ಹಾಳೆ.
ಒಂದರಲ್ಲಿ ಐನೂರೈವತ್ತರ ಹೆಲಿಕಾಪ್ಟರು,
ಇನ್ನೊಂದರಲ್ಲಿ ಏಳುನೂರರದ್ದು:
ಒಂದೊಂದು ರೆಕ್ಕೆಯೂ ನನ್ನ ಭುಜದಿಂದ ನಡುಬೆರಳ ತುದಿವರೆಗೆ.
ಬಾಗಿಲು ಹಾಕಿ ಅಳೆದು ನೋಡಿದೆ, ಯಾರೂ ಇರಲಿಲ್ಲ.

ಚಿಕ್ಕದೇ ಸಾಕು ಅಂದಿತು ಲೆಕ್ಕದ ಪುಸ್ತಕ.
ಒಂದೇ ಬ್ಯಾಟರಿ. ಓಮ್ನಿಯ ಹಿಂದಿನ ಸೀಟಿಗೆ ಹಿಡಿಸುತ್ತದೆ.
ಬಿದ್ದರೆ ಒಂದು ತಿಂಗಳ ದುಡಿಮೆ.
ದೊಡ್ಡದು ಬಿದ್ದರೆ
ಎಂಬ ಸಾಲನ್ನು ನಾನು ಮುಂದೆ ಓದಲಿಲ್ಲ.

ಆದರೆ ಮಾದಾಪುರದ ಗದ್ದೆಯಲ್ಲಿ ನಮ್ಮ ರೋಶನ್
ಪುಟಾಣಿ ಒಂದನ್ನು ಹಾರಿಸಿದ್ದನ್ನು ಕಂಡಿದ್ದೇನೆ.
ನೂರು ಹೆಜ್ಜೆ ಆಚೆ ಅದು ನೊಣ.
ಮೂಗು ಇತ್ತಲೋ ಬಾಲ ಇತ್ತಲೋ ತಿಳಿಯದೆ
ಹುಡುಗ ಬಲಕ್ಕೆ ಒತ್ತಿದ, ಅದು ಎಡಕ್ಕೆ ಹೋಗಿ
ಸಿಲ್ವರ್ ಓಕಿಗೆ ಸಿಕ್ಕಿಕೊಂಡಿತು. ಈಗಲೂ ಅಲ್ಲೇ ಇದೆ.
ಮೆಣಸು ಕೊಯ್ಯುವವರು ಏಣಿ ಇಟ್ಟಾಗ ಇಳಿಸಿಕೊಡುತ್ತಾರಂತೆ.

ಉತ್ತಯ್ಯ ಸುಬೇದಾರರನ್ನು ಕೇಳಿದೆ.
ಲಡಾಖಿನ ಚಳಿಯಲ್ಲಿ ನಿಜವಾದ ಹೆಲಿಕಾಪ್ಟರಿನ ಹೊಟ್ಟೆಗೆ ಕೈ ಹಾಕಿ
ಎರಡು ಬೆರಳ ತುದಿಗಳನ್ನು ಅಲ್ಲೇ ಬಿಟ್ಟು ಬಂದವರು.
ಬಲಗಿವಿ ಕೇಳದು. ಎಡಗಿವಿಗೆ ಕೂಗಿದೆ:
ಎಷ್ಟು ಸೆಲ್ಲು, ಯಾವ ಗೇರು, ಬಾಲಕ್ಕೆ ಬೆಲ್ಟೋ ಶಾಫ್ಟೋ.
ಎಲ್ಲ ಕೇಳಿ, ಕಾಫಿಗೆ ಬೆಲ್ಲ ಕದಡುತ್ತಾ ಅಂದರು:
ಹಾರೋದು ಎಲ್ಲವೂ ಹಾರುತ್ತೆ ಮಗಾ.
ಮುರಿದದ್ದು ಯಾವುದು ಸುಂಟಿಕೊಪ್ಪದಲ್ಲಿ ರಿಪೇರಿ ಆಗುತ್ತೆ,
ಅದನ್ನು ನೋಡು.

ಆ ರಾತ್ರಿ ಚಿತ್ರಗಳನ್ನು ಮಡಚಿಟ್ಟು
ಬಿಡಿಭಾಗಗಳ ಪಟ್ಟಿಯನ್ನಷ್ಟೇ ಓದಿದೆ,
ಅಮ್ಮ ಜಪಸರದ ಮಣಿ ಸರಿಸುತ್ತಿದ್ದ ನಿಧಾನದಲ್ಲಿ.
ಶಾಫ್ಟು: ಕುಶಾಲನಗರದ ಲೇತಿನಲ್ಲಿ ಆಗುತ್ತದೆ.
ಬೇರಿಂಗು: ನನ್ನ ಮೂರನೆಯ ಡಬ್ಬಿಯಲ್ಲಿದೆ.
ಬೆಲ್ಟು: ಬೆಲ್ಟು ನನಗೆ ಗೊತ್ತು,
ಹಿಟ್ಟಿನ ಗಿರಣಿಯ ಬೆಲ್ಟು ಹರಿಯುವ ಮೊದಲು ಹೇಗೆ ಕೆಮ್ಮುತ್ತದೆಂದು
ರಸ್ತೆಯಿಂದಲೇ ಹೇಳಬಲ್ಲೆ.
ರೆಕ್ಕೆ ಮಾತ್ರ ಆಗದು. ರೆಕ್ಕೆ ಮುರಿದರೆ ರೆಕ್ಕೆಯೇ ತರಿಸಬೇಕು.

ಬಣ್ಣ?
ಬಿಳಿ ಬೇಡ. ಇಲ್ಲಿ ಬೆಳಗ್ಗೆ ಒಂಬತ್ತರವರೆಗೆ
ಬಿಳಿ ಅಂದರೆ ಇಲ್ಲ ಅಂತ ಅರ್ಥ.
ಹಸಿರನ್ನು ತೋಟ ನುಂಗುತ್ತದೆ.
ನಿಂಬೆ ಹಳದಿ, ಬಾಲಕ್ಕೆ ಕಪ್ಪು ಪಟ್ಟಿ.
ಪುತ್ತರಿ ಕಳೆದು ಕೊಯ್ಲಾದ ಗದ್ದೆಯನ್ನು ಬೋಜಮ್ಮ ಕೊಟ್ಟಿದ್ದಾರೆ,
ಕಾಫಿ ಹೂವಾದ ಹತ್ತು ದಿನ ಮಾತ್ರ ಹಾರಿಸಬಾರದು,
ಜೇನು ಹೆದರಿದರೆ ನನ್ನ ಫಸಲು ನೀನು ಕೊಡ್ತೀಯಾ
ಅನ್ನುವ ಷರತ್ತಿನ ಮೇಲೆ.

ಹಾಳೆಯ ಕೊನೆಯಲ್ಲಿ ಒಂದು ಪ್ರಶ್ನೆ ಉಳಿದಿತ್ತು:
ಮೋಟರು ಸಹಿತವೋ, ರಹಿತವೋ?
ಪೆನ್ನು ತುಂಬಾ ಹೊತ್ತು ನಿಂತಿತು.
ಖಾಲಿ ಚೌಕಟ್ಟು, ಖಾಲಿ ಹಲ್ಲುಗಳ ಕಬ್ಬಿಣ ಸಿಕ್ಕರೆ ಸಾಕು.
ಅಪ್ಪನ ಮೈಕ್ರೋಮೀಟರು ಇದೆ, ತಾಮ್ರ ಇದೆ,
ತುಟಿ ಇದೆ.
ರಹಿತ, ಅಂತ ಗೀಟೆಳೆದೆ.

ಉತ್ತಯ್ಯ ಬಹಳ ಹೊತ್ತು ಸುಮ್ಮನಿದ್ದರು.
ಸುಟ್ಟು ಹೋದರೆ? ಅಂದರು.
ಸುಂಟಿಕೊಪ್ಪದಲ್ಲೇ ರಿಪೇರಿ, ಅಂದೆ.
ನಕ್ಕರು. ಆಮೇಲೆ, ಒಟ್ಟು ಎಷ್ಟಾಯಿತು ಅಂತ ಕೇಳಿದರು.
ಎದ್ದು, ಬಲಗಿವಿಯ ಕಡೆ ಹೋಗಿ
ಮೆಲ್ಲಗೆ ಹೇಳಿದೆ.