ಗಾಡಿಮನೆಗೆ ಅಳತೆ

ಇಪ್ಪತ್ತೆರಡು ಅಡಿ ಬೇಕು ಅಂದ ರಾಚಪ್ಪ.
(ಎದುರಿಗೆ ಗಂಡನ ಹೆಸರು ಕರೆದವಳಲ್ಲ ನಾನು,
ಕಾಗದದ ಮೇಲಾದರೆ ಪರವಾಗಿಲ್ಲ.)
ಇಪ್ಪತ್ತಾರು ವರ್ಷ ಫ್ಯಾಕ್ಟರಿಗೆ ಕಬ್ಬಿನ ಲಾರಿ ಹೊಡೆದವನು,
ಸಣ್ಣ ಗಾಡಿ ಹಿಡಿದರೆ
ಯಾರದೋ ಮಗುವಿನ ಸೈಕಲ್ಲು ಕದ್ದಂತಾಗುತ್ತದಂತೆ.

ಹದಿನೇಳು ಸಾಕು ಅಂದೆ ನಾನು.
ಟೇಪು ಕೊರಳಲ್ಲೇ ನೇತುಹಾಕಿಕೊಂಡ ಬದುಕು ನನ್ನದು;
ಗುತ್ತಲು ರಸ್ತೆಯ ಅರ್ಧ ರವಿಕೆಗಳು
ನನ್ನ ಕತ್ತರಿ ಬಾಯಿ ದಾಟಿ ಬಂದವು.

ಮೈಸೂರಲ್ಲಿ, ಬನ್ನಿಮಂಟಪದಾಚೆ, ಮಕ್ಬೂಲ್ ಸಾಬರ ಶೆಡ್ಡು.
ಬಸ್ಸುಗಳು ಪಕ್ಕೆಲುಬು ತೋರಿಸಿಕೊಂಡು ನಿಂತಿದ್ದವು,
ವೆಲ್ಡಿಂಗಿನ ನೀಲಿ ಬೆಳಕು ಅವುಗಳ ಹೊಟ್ಟೆಯೊಳಗೆ.
'ಒಂದು ವಾರ ಯೋಚ್ನೆ ಮಾಡಿ, ತಾಯಿ,
ತಗಡು ಕತ್ತರಿಸಿದ ಮೇಲೆ ಬಿಚ್ಚಿ ಹೊಲಿಯಕ್ಕಾಗಲ್ಲ.'

ಅದಕ್ಕೇ ಭಾನುವಾರ ಸಂಜೆ ಹೈಸ್ಕೂಲು ಮೈದಾನದಲ್ಲಿ
ಸುಣ್ಣದ ಪುಡಿಯಲ್ಲಿ ಎರಡು ಗಾಡಿ ಬರೆದೆವು,
ಒಂದರ ಪಕ್ಕ ಒಂದು.
ಆಚೆಗೆ ಹುಡುಗರ ಕಬಡ್ಡಿ.

ದೊಡ್ಡದರೊಳಗೆ ರಾಚಪ್ಪ ಸಾಹುಕಾರನಂತೆ ಓಡಾಡಿದ:
ಇಲ್ಲಿ ಬಚ್ಚಲು, ಇಲ್ಲಿ ಒಲೆ,
ಇಲ್ಲೊಂದು ಸೋಫಾ, ನಾಕು ಜನ ಬಂದರೆ ಇರ್ಲಿ.
ಯಾರು ಆ ನಾಕು ಜನ, ಅಂದೆ.
ತಲೆ ಕೆರೆದುಕೊಂಡ.
ತಮ್ಮನ ಜೊತೆ ಮಾತಿಲ್ಲ. ನಮ್ಮಕ್ಕನಿಗೆ
ಮದ್ದೂರು ದಾಟುವುದರೊಳಗೆ ವಾಂತಿ.

ಮೇಲುಕೋಟೆ ಬೆಟ್ಟದ ತಿರುವಿಗೆ ಏನ್ಮಾಡೀಯೆ?
ಪಟ್ಟಣದ ಕೋಟೆಬಾಗಿಲಿಗೆ?
ರೈಲ್ವೆ ಸೇತುವೆ ಕೆಳಗಿನ ಕಬ್ಬಿಣದ ತೊಲೆಗೆ?
ಹುರುಳಿ ಒಕ್ಕಲು ರಸ್ತೆಗೆ ಹರಡಿದ ದಿನ
ಉಳಿಯೋ ಟಾರು ಎಷ್ಟಗಲ?

'ಬುಡು, ನಿನ್ನ ಗಾಡೀಲಿ ಮಲಗಿ ತೋರುಸ್ತೀನಿ'
ಅಂತ ಹದಿನೇಳರೊಳಗೆ ಅಡ್ಡಡ್ಡ ಮಲಗಿದ.
ಒಳಗೋಡೆ, ಥರ್ಮಕೋಲು, ಪ್ಲೈವುಡ್ಡು ಕಳೆದು
ಅಡ್ಡಮಂಚಕ್ಕೆ ಸಿಕ್ಕಿದ್ದು ಐದಡಿ ಹತ್ತಿಂಚು.
ಆರಡಿ ಆಳಿನ ಹಿಮ್ಮಡಿ ಗೆರೆಯಾಚೆ.
'ಕಾಲು ಔಟ್, ಅಂಕಲ್!' ಕೂಗಿದ ಕಬಡ್ಡಿ ಹುಡುಗ.

ನಗು ಬಂತು. ನಕ್ಕಿದ್ದೇ ತಪ್ಪಾಯಿತು.
ಆಮೇಲಿನದು ಗಾಡಿಯ ಜಗಳವೇ ಅಲ್ಲ.
ನಾನು ಮಾರಿದ ಬಳೆ, ಅವನು ಕೇಳದೆ ಕೊಟ್ಟ ಅಡ್ವಾನ್ಸು,
ಹನ್ನೊಂದು ವರ್ಷದ ಹಿಂದಿನ ಒಂದು ದೀಪಾವಳಿ.
ಸಿಟ್ಟಿಗೆ ಎದ್ದ, ಮೂರು ಹೆಜ್ಜೆ ಹಾಕಿದ,
ಸುಣ್ಣದ ಗೆರೆ ಬಂತು, ನಿಂತ.
ತಿರುಗಿ ನನ್ನನ್ನೇ ನೋಡಬೇಕಾಯಿತು.

ಅಯ್ಯೋ, ಮುನಿಸಿಗೆ ಎಲ್ಲಿ ಜಾಗ ಬಿಟ್ಟೆ ನಾನು?

ಅಳತೆ ಕೊಡುವಾಗ ಹೆಂಗಸರು ಉಸಿರು ಹಿಡಿಯುತ್ತಾರೆ.
ಸಣ್ಣಗೆ ಕಾಣಲಿ ಅಂತ, ದರ್ಜಿಯ ಮುಂದೆಯೂ.
ಅದಕ್ಕೇ ನಾನು ಟೇಪಿನೊಳಗೆ
ಎರಡು ಬೆರಳು ತೂರಿಸಿಯೇ ಎಳೆಯುವುದು;
ಊಟವಾದ ಮೇಲೂ ಅವಳು
ಆ ರವಿಕೆಯೊಳಗೆ ಅಳಬೇಕಾಗಬಹುದು.

ಕತ್ತಲಾಯಿತು. ಚಪ್ಪಲಿಯ ತುಂಬ ಸುಣ್ಣ.
ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ,
ಬಸ್‌ಸ್ಟ್ಯಾಂಡಿನ ಹತ್ತಿರ ಒಂದೇ ಪೊಟ್ಟಣ ಕಡ್ಲೆಕಾಯಿ ಕೊಂಡ,
ನನ್ನ ಕಡೆ ಬಾಯಿ ಮಾಡಿ ಹಿಡಿದ.

ಬೆಳಿಗ್ಗೆ ಹೋಗಿ ನೋಡಿದರೆ
ದೊಡ್ಡ ಗಾಡಿಯನ್ನು ಹುಡುಗರು ತುಳಿದು ಅಳಿಸಿದ್ದರು.
ಸಣ್ಣದರಲ್ಲಿ ಯಾರದೋ ಎಮ್ಮೆ
ಮೆಲುಕು ಹಾಕುತ್ತ ಮಲಗಿತ್ತು, ಬಾಲ ಮಾತ್ರ ಹೊರಗೆ.

ಸಾಬರಿಗೆ ಫೋನು ಮಾಡಿದೆ: ಹತ್ತೊಂಬತ್ತು.
'ಹತ್ತೊಂಬತ್ತಾ? ಎಲ್ಲರೂ ಹದಿನೇಳು ಕೇಳ್ತಾರೆ, ಇಲ್ಲಾ ಇಪ್ಪತ್ತೆರಡು.
ಆ ಎರಡಡೀಲಿ ಏನು ಕೂರಿಸಲಿ, ತಾಯಿ?
ಕಪಾಟಾ? ಸಿಂಕಾ?'

ಏನೂ ಬ್ಯಾಡಿ, ಅಂದೆ.
ಹಿಂದುಗಡೆ ಕಿಟಕಿಗೆ ಮುಖ ಮಾಡಿ
ಒಂದು ಸ್ಟೂಲು.

ಪಕ್ಕದಿಂದ ರಾಚಪ್ಪ, 'ಎತ್ತರದ್ದು ಕಣಮ್ಮಿ,
ನನ್ನ ಕಾಲು ಮಡಚಕ್ಕಾಗಲ್ಲ.'